ಹತ್ತಡಿ ಓಣಿಯಲ್ಲಿ ಎನ್‌ಬಿಸಿ: ಯಾವುದನ್ನು ಬದಲಿಸಬಹುದು, ಯಾವುದನ್ನು ಮುಟ್ಟಬಾರದು

ಪ್ರಶ್ನೆ: ಉತ್ತರ ಕರ್ನಾಟಕದ ಒಂದು ಜಿಲ್ಲಾ ಕೇಂದ್ರದಲ್ಲಿ ನಾನು ಪಾಲಿಕೆ ಸದಸ್ಯೆ. ನನ್ನ ವಾರ್ಡಿನಲ್ಲಿ ಹಳೆಯ ಬಟ್ಟೆ ಪೇಟೆ ಇದೆ. ಓಣಿಗಳು ಎಂಟರಿಂದ ಹತ್ತಡಿ ಅಗಲ. ಮಣ್ಣಿನ ಮಾಳಿಗೆ ಮನೆಗಳ ನಡುವೆ ಮೂರು, ನಾಲ್ಕು ಅಂತಸ್ತಿನ ಹೊಸ ಕಟ್ಟಡಗಳು ಎದ್ದಿವೆ. ನಲ್ಲಿಯಲ್ಲಿ ನೀರು ಐದು ದಿನಕ್ಕೊಮ್ಮೆ. ಹೋದ ಬೇಸಿಗೆಯಲ್ಲಿ ಒಂದು ಗೋದಾಮಿಗೆ ಬೆಂಕಿ ಬಿದ್ದಾಗ ಅಗ್ನಿಶಾಮಕ ವಾಹನ ಓಣಿಯ ಬಾಯಲ್ಲೇ ನಿಲ್ಲಬೇಕಾಯಿತು. ಈಗ ಪಾಲಿಕೆಯಲ್ಲಿ ಬೈಲಾ ತಿದ್ದುವ ಚರ್ಚೆ ನಡೆದಿದೆ. ವ್ಯಾಪಾರಿಗಳು, "ಎನ್‌ಬಿಸಿ (ರಾಷ್ಟ್ರೀಯ ಕಟ್ಟಡ ಸಂಹಿತೆ) ದೊಡ್ಡ ಊರಿಗೆ ಬರೆದದ್ದು, ನಮ್ಮಲ್ಲಿ ನಡೆಯೋದಿಲ್ಲ, ಸಡಿಲಿಸಿ" ಅನ್ನುತ್ತಾರೆ. ನಮ್ಮ ಎಂಜಿನಿಯರ್, "ರಾಷ್ಟ್ರೀಯ ಸಂಹಿತೆ, ಒಂದಕ್ಷರ ಬದಲಿಸುವಂತಿಲ್ಲ" ಅನ್ನುತ್ತಾರೆ. ಯಾರು ಸರಿ? ಬದಲಿಸುವುದಾದರೆ ಎಲ್ಲಿ, ಹೇಗೆ?

ಉತ್ತರ: ಎಂಜಿನಿಯರ್ ಕಾನೂನಿನಲ್ಲಿ ತಪ್ಪಿದ್ದಾರೆ, ವ್ಯಾಪಾರಿಗಳು ಲೆಕ್ಕದಲ್ಲಿ ತಪ್ಪಿದ್ದಾರೆ. ಕಾನೂನಿನ ಮಾತು ಚಿಕ್ಕದು, ಅದನ್ನು ಮೊದಲು ಮುಗಿಸುತ್ತೇನೆ.

ರಾಷ್ಟ್ರೀಯ ಕಟ್ಟಡ ಸಂಹಿತೆಯನ್ನು ಭಾರತೀಯ ಮಾನಕ ಬ್ಯೂರೋ ಪ್ರಕಟಿಸುತ್ತದೆ. ಮೊದಲ ಆವೃತ್ತಿ 1970ರದು. ಆಮೇಲೆ 1983, 2005 ಮತ್ತು 2016ರಲ್ಲಿ ಪರಿಷ್ಕರಣೆಗಳಾದವು. ಅದರ ನಾಲ್ಕನೇ ಭಾಗವೇ ಬೆಂಕಿ ಮತ್ತು ಜೀವ ಸುರಕ್ಷತೆಯದು. ಈ ಪುಸ್ತಕ ತಾನಾಗಿಯೇ ಕಾನೂನಲ್ಲ. ರಾಜ್ಯಗಳೂ ಸ್ಥಳೀಯ ಸಂಸ್ಥೆಗಳೂ ತಮ್ಮ ನಿಯಮದೊಳಗೆ ತಂದುಕೊಂಡಾಗ ಅದಕ್ಕೆ ಕಾನೂನಿನ ಬಲ ಬರುತ್ತದೆ. 74ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ ಹನ್ನೆರಡನೇ ಅನುಸೂಚಿಯಲ್ಲಿ ಅಗ್ನಿಶಾಮಕ ಸೇವೆ ನಗರ ಸಂಸ್ಥೆಗಳ ಕೆಲಸಗಳ ಪಟ್ಟಿಯಲ್ಲಿದೆ. ಕರ್ನಾಟಕದಲ್ಲಿ ಆ ಸೇವೆಯನ್ನು 1964ರ ಅಗ್ನಿಶಾಮಕ ದಳ ಅಧಿನಿಯಮದಡಿ ರಾಜ್ಯವೇ ನಡೆಸುತ್ತದೆ. ಕಟ್ಟಡದ ನಿಯಮ ಮಾತ್ರ 1976ರ ನಗರಪಾಲಿಕೆಗಳ ಅಧಿನಿಯಮ ಮತ್ತು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದ ಮೂಲಕ ನಿಮ್ಮ ಕೈಗೂ ಬರುತ್ತದೆ. ಹಾಗಾಗಿ ಸರ್ಕಾರದ ಒಪ್ಪಿಗೆಯೊಂದಿಗೆ ನಿಮ್ಮ ಪಾಲಿಕೆ ತನ್ನ ಊರಿಗೆ ತಕ್ಕ ಬೈಲಾ ಬರೆಯಬಹುದು. ಬರೆಯಲೇಬೇಕು ಎಂಬುದು ನನ್ನ ಅಭಿಪ್ರಾಯ.

ಇನ್ನು ಲೆಕ್ಕದ ಮಾತು. ಸಂಹಿತೆಯ ಪ್ರತಿ ಅಂಕಿಯ ಹಿಂದೆಯೂ ಒಂದು ಊಹೆ ಕೂತಿದೆ. ಎತ್ತರದ ಕಟ್ಟಡದ ಮುಂದೆ 12 ಮೀಟರ್ ರಸ್ತೆ ಇರಲಿ, ಸುತ್ತ 6 ಮೀಟರ್ ಬಯಲು ಇರಲಿ, ಆ ನೆಲ 45 ಟನ್ನಿನ ವಾಹನವನ್ನು ಹೊರಲಿ, 9 ಮೀಟರ್ ತ್ರಿಜ್ಯದಲ್ಲಿ ಗಾಡಿ ತಿರುಗಲಿ ಎಂದು ಅದು ಕೇಳುತ್ತದೆ. ಗಾಡಿ ಕಟ್ಟಡದ ಬುಡಕ್ಕೇ ಬರುತ್ತದೆ, ಏಣಿ ಎತ್ತುತ್ತದೆ ಎಂಬುದು ಇವೆಲ್ಲದರ ಹಿಂದಿನ ಊಹೆ. ನಿಮ್ಮ ಪೇಟೆಯಲ್ಲಿ ಆ ಊಹೆ ಸುಳ್ಳು. ವ್ಯಾಪಾರಿಗಳು ಇದನ್ನು ನೋಡಿ, 'ಅಂಕಿ ನಡೆಯೋದಿಲ್ಲ, ತೆಗೆದುಬಿಡಿ' ಅನ್ನುತ್ತಾರೆ. ಅಂಕಿಯನ್ನು ತೆಗೆದರೆ ಅದು ಕೊಡುತ್ತಿದ್ದ ರಕ್ಷಣೆಯೂ ಹೋಯಿತಲ್ಲ, ಅದನ್ನು ಎಲ್ಲಿಂದ ತುಂಬುತ್ತೀರಿ? ಗಾಡಿ ಹತ್ತಿರ ಬರದ ಕಟ್ಟಡದಲ್ಲಿ ಒಳಗಿನ ಜನ ತಾವಾಗಿಯೇ ಹೊರಬರಬೇಕು, ನೀರು ಮೊದಲೇ ಒಳಗಿರಬೇಕು, ಬೆಂಕಿ ಹುಟ್ಟಿದ ಕೋಣೆ ಬಿಟ್ಟು ಆಚೆ ಹೋಗಬಾರದು. ಅಂದರೆ ನಿಮ್ಮ ಪೇಟೆಗೆ ಸಂಹಿತೆಗಿಂತ ಕಟ್ಟುನಿಟ್ಟಾದ ನಿಯಮ ಬೇಕು, ಬೇರೆ ಜಾಗಗಳಲ್ಲಿ.

ಈ ವಿಷಯದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಪದ್ಧತಿ ನನಗೆ ಬಹಳ ಹಿಡಿಸುತ್ತದೆ. ಅಲ್ಲಿ ಒಂದು ನಗರ ರಾಜ್ಯದ ಅಗ್ನಿ ಸಂಹಿತೆಯನ್ನು ಬದಲಿಸಬೇಕಾದರೆ ನಮ್ಮ ಹವೆ ಹೀಗಿದೆ, ಭೂಗರ್ಭ ಹೀಗಿದೆ, ನೆಲದ ಏರಿಳಿತ ಹೀಗಿದೆ ಎಂದು ಕಾರಣ ಬರೆದು ಕೊಡಬೇಕು. ಬದಲಾವಣೆ ಇನ್ನಷ್ಟು ಬಿಗಿಯಾಗುವ ದಿಕ್ಕಿನಲ್ಲೇ ಇರಬೇಕು. 1991ರ ಅಕ್ಟೋಬರಿನಲ್ಲಿ ಓಕ್‌ಲೆಂಡ್ ಗುಡ್ಡಗಳಲ್ಲಿ ಒಣ ಗಾಳಿಗೆ ಬೆಂಕಿ ಹಬ್ಬಿ 25 ಜನ ಸತ್ತರು, ಸುಮಾರು 3,000 ಮನೆಗಳು ಸುಟ್ಟವು. ಇಂಥ ಕಡೆ 'ನಮ್ಮೂರಿನ ಗಾಳಿ' ಎಂಬುದು ಸಡಿಲಿಕೆಯ ನೆಪ ಆಗುವುದಿಲ್ಲ, ಬಿಗಿ ಮಾಡಲು ಕಾರಣವಾಗುತ್ತದೆ. ನಮ್ಮಲ್ಲಿ ಅಂಥ ಕಾನೂನಿನ ಬಾಧ್ಯತೆ ಇಲ್ಲದಿದ್ದರೂ ಅದೇ ಶಿಸ್ತನ್ನು ನೀವು ಪಾಲಿಸಬಹುದು. ತಿದ್ದುಪಡಿಯ ಪಕ್ಕದಲ್ಲೇ ಕಾರಣ, ಕಾರಣದ ಪಕ್ಕದಲ್ಲೇ ಅಳತೆ.

ಇನ್ನು ನಿಮ್ಮ ಓಣಿಗೆ ಬರೋಣ.

ನಮ್ಮ ಸಾಮಾನ್ಯ ವಾಟರ್ ಟೆಂಡರ್, ಅಂದರೆ ನೀರು ಹೊತ್ತು ಬರುವ ಅಗ್ನಿಶಾಮಕ ಗಾಡಿ, ಸುಮಾರು ಎರಡೂವರೆ ಮೀಟರ್ ಅಗಲ, ಅಂದರೆ ಎಂಟಡಿಗೂ ಮೇಲೆ. ಹತ್ತಡಿ ಓಣಿಯಲ್ಲಿ ಮೆಟ್ಟಿಲು, ಕಟ್ಟೆ, ಬೈಕು, ತಳ್ಳುಗಾಡಿ ಕಳೆದರೆ ಅದಕ್ಕೆ ದಾರಿಯಿಲ್ಲ. ಅದು ಹೊತ್ತು ತರುವ ನೀರು ಸುಮಾರು 4,500 ಲೀಟರ್. ನಿಮಿಷಕ್ಕೆ 450 ಲೀಟರಿನ ಎರಡು ಜೆಟ್ ಹಿಡಿದರೆ ಐದು ನಿಮಿಷದಲ್ಲಿ ಖಾಲಿ. ಹೋಸ್ ಪೈಪು ಒಂದೊಂದು 15 ಮೀಟರ್. ಓಣಿಯ ಬಾಯಿಂದ 150 ಮೀಟರ್ ಒಳಗೆ ಬೆಂಕಿ ಇದ್ದರೆ ಹತ್ತು ಹೋಸ್ ಜೋಡಿಸಬೇಕು. ಜನ ಓಡುತ್ತಿರುವಾಗ, ಹೊಗೆಯಲ್ಲಿ, ಬೈಕುಗಳ ಮೇಲೆ ಹಾಯ್ದು. ಒಂದೇ ಸಾಲಿನ ಹೋಸ್‌ನಲ್ಲಿ ನಿಮಿಷಕ್ಕೆ 900 ಲೀಟರ್ ತಳ್ಳಿದರೆ ಆ 150 ಮೀಟರಿನಲ್ಲಿ ಸುಮಾರು 5 ಬಾರ್ ಒತ್ತಡ ಬರೀ ಘರ್ಷಣೆಗೆ ಹೋಗುತ್ತದೆ. ಪಂಪು ಕೊಡುವುದೇ 7 ಬಾರ್ ಎಂದಿಟ್ಟುಕೊಳ್ಳಿ, ತುದಿಯಲ್ಲಿ ಹಿಡಿದವನ ಕೈಗೆ ಏನು ಉಳಿಯಿತು?

ಅದೇ ನೀರನ್ನು 100 ಮಿಲಿಮೀಟರಿನ ಉಕ್ಕಿನ ಪೈಪಿನಲ್ಲಿ ಕಳಿಸಿದರೆ ಅಷ್ಟು ದೂರಕ್ಕೆ ಕಳೆಯುವುದು 1 ಬಾರ್‌ಗಿಂತ ಕಡಿಮೆ. ಆದ್ದರಿಂದ ನನ್ನ ಮೊದಲ ಸಲಹೆ, ಓಣಿಗೊಂದು ಒಣ ಪೈಪು ಹಾಕಿ. ಅದರಲ್ಲಿ ನೀರು ನಿಂತಿರಬೇಕಾಗಿಲ್ಲ. ಓಣಿಯ ಬಾಯಲ್ಲಿ, ಗಾಡಿ ನಿಲ್ಲಬಲ್ಲ ಕಡೆ, ನೀರು ಒಳಸೇರಿಸುವ ಬಾಯಿ. ಒಳಗೆ ಪ್ರತಿ 30 ಮೀಟರಿಗೆ ಒಂದು ಹೈಡ್ರೆಂಟ್ ವಾಲ್ವ್, ಅಂದರೆ ಹೋಸ್ ಜೋಡಿಸಿ ನೀರು ತೆಗೆಯುವ ಬಾಯಿ. ಗಾಡಿ ಬಂದು ಬಾಯಿಗೆ ಹೋಸ್ ಕೊಟ್ಟು ಪಂಪು ಚಾಲೂ ಮಾಡಿದರೆ ಒಳಗಿನ ಸಿಬ್ಬಂದಿಗೆ ಹತ್ತು ಹೋಸ್ ಎಳೆಯುವ ಬದಲು ಎರಡು ಸಾಕು. ಎತ್ತರದ ಕಟ್ಟಡಗಳಲ್ಲಿ ನಿಂತ ಪೈಪಾಗಿ ಬಹಳ ಕಾಲದಿಂದ ಬಳಕೆಯಲ್ಲಿರುವ ಒಣ ರೈಸರ್ ಇದೇ. ಅದನ್ನು ಮಲಗಿಸುತ್ತೇವೆ, ಅಷ್ಟೇ. ಎರಡು ಎಚ್ಚರಿಕೆ. ತಗ್ಗಿನ ತುದಿಯಲ್ಲಿ ನೀರು ಬಸಿಯುವ ವಾಲ್ವ್ ಇರಲಿ, ಇಲ್ಲವಾದರೆ ಪೈಪು ಒಳಗಿಂದ ತುಕ್ಕು ಹಿಡಿಯುತ್ತದೆ. ಗನ್‌ಮೆಟಲ್ ಬಾಯಿ, ಮುಚ್ಚಳಗಳು ಗುಜರಿಗೆ ಹೋಗಿಬಿಡುತ್ತವೆ. ನಾನು ತಪಾಸಣೆಗೆ ಹೋದ ಎಷ್ಟೋ ಕಡೆ ಪೆಟ್ಟಿಗೆಯಲ್ಲಿ ಮರದ ಬಿರಡೆ ತುರುಕಿದ್ದು ನೋಡಿದ್ದೇನೆ. ಒಡೆದು ತೆಗೆಯುವ ಗಾಜಿನ ಪೆಟ್ಟಿಗೆ ಮಾಡಿ, ಆಯಾ ಭಾಗದ ಅಂಗಡಿಕಾರರ ಕಣ್ಣಳತೆಯಲ್ಲೇ ಇಡಿ.

ಸಣ್ಣ ವಾಹನಗಳೂ ನೆರವಾಗುತ್ತವೆ. ನೀರನ್ನು ಮಂಜಿನಂತೆ ಸಿಂಪಡಿಸುವ ಬೈಕುಗಳನ್ನು ನಮ್ಮ ರಾಜ್ಯದ ಇಲಾಖೆಯೂ ಬಳಸಿದೆ. ಮೊದಲ ಐದು ನಿಮಿಷಕ್ಕೆ ಅದು ಒಳ್ಳೆಯದು. ಆದರೆ ಬಟ್ಟೆ ಗೋದಾಮು ಹೊತ್ತಿ ಉರಿಯತೊಡಗಿದ ಮೇಲೆ ಬೈಕಿನ ನೀರು ಎಲ್ಲಿಗೂ ಸಾಲದು. ಬೈಕು ಇದೆಯೆಂದು ಪೈಪು ಬಿಡಬೇಡಿ.

ಈಗ ನೀರು. ರಸ್ತೆಯ ಹೈಡ್ರೆಂಟ್ ತಿರುವಿದರೆ ನೀರು ಬರುತ್ತದೆ ಎಂಬುದು ದಿನವಿಡೀ ನೀರು ಹರಿಯುವ ಊರಿನ ನಂಬಿಕೆ. ಐದು ದಿನಕ್ಕೊಮ್ಮೆ ನೀರು ಬಿಡುವ ಊರಿನಲ್ಲಿ ಉಳಿದ ನಾಲ್ಕು ದಿನ ಆ ಪೈಪಿನಲ್ಲಿ ಇರುವುದು ಗಾಳಿ. ಹೀಗಾಗಿ ನಿಮ್ಮಲ್ಲಿ ಲೆಕ್ಕಕ್ಕೆ ಬರುವುದು ಸಂಗ್ರಹಿಸಿಟ್ಟ ನೀರು ಮಾತ್ರ. ಕಟ್ಟಡದ ಬಳಕೆ ಮತ್ತು ಎತ್ತರಕ್ಕೆ ತಕ್ಕಂತೆ ಎಷ್ಟು ನೀರು ಕಾದಿರಿಸಬೇಕೆಂದು ಸಂಹಿತೆ ಹೇಳುತ್ತದೆ. ಆ ನೀರು ಎಷ್ಟು ಹೊತ್ತು ಬರುತ್ತದೆ ಎಂದು ನೀವೇ ಲೆಕ್ಕ ಹಾಕಬಹುದು. 25,000 ಲೀಟರ್ ತೊಟ್ಟಿಯಿಂದ ನಿಮಿಷಕ್ಕೆ 900 ಲೀಟರ್ ಎಳೆದರೆ 28 ನಿಮಿಷ. ಗಾಡಿ ಠಾಣೆಗೆ ಮರಳಿ ನೀರು ತುಂಬಿಸಿಕೊಂಡು ಬರಲು ನಿಮ್ಮೂರಿನಲ್ಲಿ ಎಷ್ಟು ಹೊತ್ತು ಬೇಕು? ನಿಮ್ಮ ಠಾಣಾಧಿಕಾರಿಯನ್ನು ಕೇಳಿ. ಅವರು 40 ನಿಮಿಷ ಎಂದರೆ, ನಿಮ್ಮ ಬೈಲಾದಲ್ಲಿ ಬರಬೇಕಾದ ಅಂಕಿ ಈ 25,000ಕ್ಕಿಂತ ದೊಡ್ಡದು.

ತೊಟ್ಟಿ ಕಟ್ಟಿಸುವುದು ಸುಲಭ, ಅದರಲ್ಲಿ ನೀರು ಉಳಿಸುವುದು ಕಷ್ಟ. ಬೇಸಿಗೆಯಲ್ಲಿ ನಲ್ಲಿ ಬತ್ತಿದಾಗ ಬೆಂಕಿಗೆಂದು ಇಟ್ಟ ಸಂಪಿಗೆ ಒಂದು ಸಣ್ಣ ಮೋಟಾರು ಇಳಿದುಬಿಡುತ್ತದೆ. ಮೋಟಾರು ಇಳಿಸಿದವರನ್ನು ನಾನು ಬೈಯಲಾರೆ. ಮನೆಯಲ್ಲಿ ಮಗುವಿಗೆ ಸ್ನಾನಕ್ಕೆ ನೀರಿಲ್ಲದಾಗ ಸಂಪಿನ ಹಲಗೆಯ ಮೇಲೆ ಬರೆದ 'ಅಗ್ನಿಶಾಮಕಕ್ಕೆ ಮಾತ್ರ' ಎಂಬ ಮಾತು ಯಾರನ್ನು ತಡೆದೀತು? ಇದಕ್ಕೆ ಬೋರ್ಡಿಗಿಂತ ಪೈಪಿನ ಜೋಡಣೆಯೇ ಉತ್ತರ. ನಲ್ಲಿಯ ನೀರು ಮೊದಲು ಅಗ್ನಿ ಸಂಪಿಗೆ ಬೀಳಲಿ, ಅದು ತುಂಬಿ ಉಕ್ಕಿದ್ದು ಮನೆಬಳಕೆಯ ಸಂಪಿಗೆ ಹರಿಯಲಿ. ಹೀಗೆ ಮಾಡಿದರೆ ಅಗ್ನಿ ಸಂಪಿನ ನೀರು ಸದಾ ಹೊಸದಾಗಿರುತ್ತದೆ, ಸೊಳ್ಳೆ ಹುಟ್ಟುವುದಿಲ್ಲ, ಮನೆಯ ಮೋಟಾರು ಎಳೆಯುವುದು ಎರಡನೇ ಸಂಪಿನಿಂದ ಮಾತ್ರ. ಅದರ ಜೊತೆಗೆ ಬಳಕೆಯ ಸಂಪನ್ನು ದೊಡ್ಡದಾಗಿ ಕಟ್ಟಲು ಬೈಲಾದಲ್ಲೇ ಅವಕಾಶ ಕೊಡಿ. ಬಳಕೆಗೆ ನೀರು ಸಾಕಷ್ಟಿದ್ದರೆ ಕಾದಿರಿಸಿದ ನೀರಿಗೆ ಯಾರೂ ಕೈ ಹಾಕುವುದಿಲ್ಲ.

ಪೇಟೆಯ ಹಳೆಯ ಬಾವಿಗಳನ್ನು ಬಳಸೋಣ ಎಂದು ಸಭೆಯಲ್ಲಿ ಯಾರಾದರೂ ಖಂಡಿತ ಹೇಳುತ್ತಾರೆ. ಒಳ್ಳೆಯ ವಿಚಾರವೇ, ಆದರೆ ಭೌತಶಾಸ್ತ್ರ ಒಂದು ಮಿತಿ ಹಾಕಿದೆ. ಮೇಲೆ ನಿಂತ ಪಂಪು ಕೆಳಗಿನ ನೀರನ್ನು ಎಳೆಯುವುದು ವಾಯುಭಾರದ ಬಲದಿಂದ. ಸಮುದ್ರಮಟ್ಟದಲ್ಲಿ ಅದು ಲೆಕ್ಕಕ್ಕೆ ಹತ್ತು ಮೀಟರ್ ಚಿಲ್ಲರೆ. ನಮ್ಮ ಬಯಲುಸೀಮೆಯ ಎತ್ತರದಲ್ಲಿ ಇನ್ನೂ ಕಡಿಮೆ. ಕೆಲಸದಲ್ಲಿ ನಂಬಬಹುದಾದದ್ದು ಆರೇಳು ಮೀಟರ್. ಏಪ್ರಿಲ್‌ನಲ್ಲಿ ಬಾವಿಯ ನೀರು ಹನ್ನೆರಡು ಮೀಟರ್ ಕೆಳಗಿದ್ದರೆ ಅಗ್ನಿಶಾಮಕ ಗಾಡಿಗೆ ಆ ಬಾವಿ ಇದ್ದೂ ಇಲ್ಲದಂತೆ. ಹೆಚ್ಚು ಬೆಂಕಿ ಬೀಳುವ ತಿಂಗಳಲ್ಲೇ ನೀರು ಪಾತಾಳಕ್ಕೆ ಇಳಿದಿರುತ್ತದೆ. ಬಾವಿಯೊಳಗೆ ಇಳಿಸಿಟ್ಟ ಸಬ್‌ಮರ್ಸಿಬಲ್ ಪಂಪು ಇದ್ದು, ಅದು ಪಕ್ಕದ ಸಾರ್ವಜನಿಕ ಸಂಪನ್ನು ಸದಾ ತುಂಬಿಸಿಟ್ಟರೆ ಮಾತ್ರ ಬಾವಿ ಕೆಲಸಕ್ಕೆ ಬರುತ್ತದೆ.

ಬಿಸಿಲಿನ ಬಗ್ಗೆ ಸ್ವಲ್ಪ ನಿಲ್ಲಬೇಕು. ಅಗ್ನಿ ಸುರಕ್ಷತೆಯ ಉಪಕರಣಗಳಿಗೂ ಒಂದು ಹವೆಯ ಊಹೆ ಇದೆ ಎಂಬುದು ನಮ್ಮ ಕಡೆಯ ಎಂಜಿನಿಯರ್‌ಗಳಿಗೇ ಹಲವರಿಗೆ ಗೊತ್ತಿಲ್ಲ. ಬೆಂಕಿ ಬಿದ್ದಾಗ ಚಾವಣಿಯಿಂದ ತಾನಾಗಿಯೇ ನೀರು ಚಿಮ್ಮಿಸುವ ಸ್ಪ್ರಿಂಕ್ಲರಿನ ಬಾಯಲ್ಲಿ ಒಂದು ಗಾಜಿನ ಬಲ್ಬ್ ಇರುತ್ತದೆ, ಬಿಸಿಗೆ ಅದು ಒಡೆದರೆ ನೀರು ಬರುತ್ತದೆ. ಎಲ್ಲೆಡೆ ಮಾರುವುದು 68 ಡಿಗ್ರಿಯ ಕೆಂಪು ಬಲ್ಬ್. ಆ ವರ್ಗದ ಸ್ಪ್ರಿಂಕ್ಲರುಗಳನ್ನು ಚಾವಣಿಯ ಬಳಿ ಉಷ್ಣತೆ 38 ಡಿಗ್ರಿ ಮೀರದ ಜಾಗಕ್ಕೆಂದು ಅಂತರರಾಷ್ಟ್ರೀಯ ಮಾನದಂಡಗಳು ಗುರುತಿಸುತ್ತವೆ. ಮೇ ತಿಂಗಳ ಮಧ್ಯಾಹ್ನ ನಿಮ್ಮ ಪೇಟೆಯಲ್ಲಿ ನೆರಳಿನಲ್ಲೇ 40 ದಾಟಿರುತ್ತದೆ. ತಗಡಿನ ಶೀಟಿನ ಕೆಳಗಿನ ಅಟ್ಟದಲ್ಲಿ ಇನ್ನೆಷ್ಟೋ. ಅಲ್ಲಿ 79ರ ಹಳದಿ ಅಥವಾ 93ರ ಹಸಿರು ಬಲ್ಬ್ ಬೇಕು. ಕೆಂಪು ಬಲ್ಬ್ ಒಂದು ಮಧ್ಯಾಹ್ನ ಸುಮ್ಮನೆ ಒಡೆದು ಲಕ್ಷಾಂತರ ರೂಪಾಯಿಯ ಸೀರೆ ನೆನೆಸಿತು ಎಂದುಕೊಳ್ಳಿ, ಆ ಅಂಗಡಿಯವರು ಮಾತ್ರವಲ್ಲ, ಇಡೀ ಓಣಿಯವರು ವಾಲ್ವ್ ಬಂದ್ ಮಾಡಿಡುತ್ತಾರೆ. ಬೈಲಾದಲ್ಲಿ ಒಂದೇ ಸಾಲು ಸಾಕು: ಶೀಟಿನ ಚಾವಣಿಯಡಿ ಮಧ್ಯಮ ಉಷ್ಣತೆಯ ವರ್ಗದ (ಹಳದಿ ಅಥವಾ ಹಸಿರು ಬಲ್ಬಿನ) ಸ್ಪ್ರಿಂಕ್ಲರ್ ಕಡ್ಡಾಯ.

ವಿದ್ಯುತ್ ತಂತಿಯದೂ ಇದೇ ಕತೆ. ಕೇಬಲ್ ಎಷ್ಟು ಆಂಪಿಯರ್ ಹೊರಬಲ್ಲದೆಂಬ ನಮ್ಮ ಮಾನಕದ ಪಟ್ಟಿ 40 ಡಿಗ್ರಿ ಗಾಳಿಯನ್ನು ಆಧಾರವಾಗಿಟ್ಟುಕೊಂಡಿದೆ. ಶೀಟಿನ ಕೆಳಗೆ 50 ಡಿಗ್ರಿ ಇದ್ದರೆ ಅದೇ ಪಿವಿಸಿ ಕೇಬಲ್ಲಿನ ಶಕ್ತಿ ಸುಮಾರು 18% ಇಳಿಯುತ್ತದೆ. ಅದೇ ಹೊತ್ತಿನಲ್ಲಿ ಕೂಲರು, ಏಸಿ, ಫ್ಯಾನು ಎಲ್ಲ ಒಟ್ಟಿಗೆ ಓಡುತ್ತಿರುತ್ತವೆ. ಪತ್ರಿಕೆಯಲ್ಲಿ 'ಶಾರ್ಟ್ ಸರ್ಕ್ಯೂಟ್' ಎಂದು ಬರುವ ಎಷ್ಟೋ ಬೆಂಕಿಗಳ ಹಿಂದೆ ಇಂಥ ಕಾದ ತಂತಿ, ಸಡಿಲ ಜೋಡಣೆ ಇರುತ್ತದೆ ಎಂಬುದು ನನ್ನ ಅನುಭವ. ಬೇಸಿಗೆಗೆ ಮುಂಚೆ, ಫೆಬ್ರುವರಿಯಲ್ಲಿ, ಪೇಟೆಯ ವೈರಿಂಗ್ ತಪಾಸಣೆ ಎಂದು ಬೈಲಾದಲ್ಲೇ ತಿಂಗಳನ್ನು ಹೆಸರಿಸಿ ಬರೆಯಿರಿ.

ಇನ್ನೊಂದು, ಚಿಕ್ಕದಾಗಿ ಕಂಡರೂ ಚಿಕ್ಕದಲ್ಲ. ನಮ್ಮ ಅಂಗಡಿಗಳಲ್ಲಿ ಬೆಳಿಗ್ಗೆ ಸಂಜೆ ಊದುಬತ್ತಿ, ಧೂಪ, ಲೋಬಾನ. ಪೂಜೆಯ ಜಾಗದ ಮೇಲೆಯೇ ಹೊಗೆ ಪತ್ತೆ ಉಪಕರಣ ಕೂರಿಸಿದರೆ ದಿನಕ್ಕೆರಡು ಸಲ ಸೈರನ್ ಕೂಗುತ್ತದೆ. ವಾರದೊಳಗೆ ಯಾರೋ ಅದಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟುತ್ತಾರೆ. ಪೂಜೆಯ ಜಾಗದಲ್ಲಿ ಬಿಸಿ ಪತ್ತೆ ಮಾಡುವ ಉಪಕರಣ, ಸರಕಿನ ಅಟ್ಟದಲ್ಲಿ ಹೊಗೆಯದು, ಹೀಗೆ ಜಾಗ ನೋಡಿ ಹಂಚಿದರೆ ಎರಡೂ ಉಳಿಯುತ್ತವೆ.

ಮಾಳಿಗೆ ಮನೆಗಳ ಬಗ್ಗೆ ಎರಡು ಮಾತು. ಮೇಲಿನ ಮಣ್ಣು ಕಿಡಿಗೆ ಹೆದರುವುದಿಲ್ಲ, ಆದರೆ ಅದರ ಭಾರ ಹೊತ್ತ ತೊಲೆ ಜಂತೆಗಳು ಒಳಗಿನಿಂದ ಸುಟ್ಟರೆ ಇಡೀ ಚಾವಣಿ ಒಮ್ಮೆಗೇ ಕುಸಿಯುತ್ತದೆ. ಯಾವ ಕಟ್ಟಡ ಮಾಳಿಗೆಯದು ಎಂಬುದು ಠಾಣೆಯ ನಕ್ಷೆಯಲ್ಲಿ ಗುರುತಾಗಿರಬೇಕು, ಒಳಗೆ ನುಗ್ಗುವ ಸಿಬ್ಬಂದಿಯ ಜೀವದ ಪ್ರಶ್ನೆ ಅದು. ಇನ್ನೊಂದು ಕಡೆ, ಹಳೆಯ ಮನೆಯ ಬೆಳಕಿಂಡಿ ಹೊಗೆಗೆ ಸಿಕ್ಕುವ ಅತ್ಯುತ್ತಮ ದಾರಿ. ಹೊಗೆ ಮೇಲಕ್ಕೆ ಹೋದರೆ ಕೆಳಗೆ ಬಾಗಿ ನಡೆಯುವವನಿಗೆ ಉಸಿರು ಸಿಗುತ್ತದೆ. ಏಸಿ ಹಾಕಿಸುವ ಭರದಲ್ಲಿ ಅದನ್ನು ಫೈಬರ್ ಶೀಟಿನಿಂದ ಮುಚ್ಚಿಸುತ್ತಿದ್ದಾರೆ. ಮುಚ್ಚಬಾರದೆಂದು ಬರೆಯಿರಿ, ಮುಚ್ಚಿದ್ದರೆ ಹಗ್ಗ ಎಳೆದು ತೆಗೆಯುವಂತಿರಲಿ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು: ಬೀಗ, ಗ್ರಿಲ್ಲು, ಮಲಗಿದ ಜನ.

2019ರ ಡಿಸೆಂಬರ್ 8ರಂದು ನಸುಕಿನಲ್ಲಿ ದೆಹಲಿಯ ಅನಾಜ್ ಮಂಡಿಯ ಇಕ್ಕಟ್ಟಿನ ಗಲ್ಲಿಯೊಂದರಲ್ಲಿ, ಚೀಲಗಳನ್ನೂ ಇತರ ವಸ್ತುಗಳನ್ನೂ ತಯಾರಿಸುತ್ತಿದ್ದ ಕಟ್ಟಡಕ್ಕೆ ಬೆಂಕಿ ಬಿತ್ತು. ಒಳಗೆ ಮಲಗಿದ್ದ ಕೂಲಿಕಾರರಲ್ಲಿ 43 ಜನ ಸತ್ತರು. ನಿಮ್ಮ ಪೇಟೆಯಲ್ಲಿ ಈ ರಾತ್ರಿ ಎಷ್ಟು ಹುಡುಗರು ಅಂಗಡಿಯ ಮೇಲಿನ ಅಟ್ಟದಲ್ಲಿ ಮಲಗಿದ್ದಾರೆ, ಅವರಲ್ಲಿ ಎಷ್ಟು ಜನರ ಶಟರಿಗೆ ಹೊರಗಿನಿಂದ ಬೀಗ ಬಿದ್ದಿದೆ? ದಯವಿಟ್ಟು ಮೊದಲು ಇದನ್ನು ಎಣಿಸಿ. ಕಟ್ಟಡದ ನಕ್ಷೆಯಲ್ಲಿ ಅದು 'ವಾಣಿಜ್ಯ' ಎಂದಿರುತ್ತದೆ, ಅಲ್ಲಿ ಯಾರೂ ಮಲಗುವುದಿಲ್ಲ ಎಂಬುದು ಸಂಹಿತೆಯ ಊಹೆ. ಮಲಗುವವರು ಇದ್ದಾರೆಂದರೆ ಅದು ವಾಸದ ಕಟ್ಟಡವೂ ಹೌದು ಎಂದು ನಿಮ್ಮ ಬೈಲಾ ಹೇಳಬೇಕು. ಹೊರಗಿನಿಂದ ಬೀಗ ಹಾಕುವುದನ್ನು ದಂಡನೀಯ ಮಾಡಬೇಕು.

ಗ್ರಿಲ್ಲು ನಮ್ಮ ದೇಶದ ಕಿಟಕಿಯ ಚಹರೆಯೇ ಆಗಿದೆ. ಕಳ್ಳರ ಭಯ ನಿಜ, ಅದನ್ನು ತೆಗೆಯಿರಿ ಎಂದರೆ ಯಾರೂ ಕೇಳುವುದಿಲ್ಲ. ಪ್ರತಿ ಮಹಡಿಯಲ್ಲಿ ಒಂದು ಕಿಟಕಿಯ ಗ್ರಿಲ್ಲಿಗೆ ಕೀಲು ಇರಲಿ, ಒಳಗಿನಿಂದ ಕೀಲಿಕೈ ಇಲ್ಲದೆ ಚಿಲಕ ಎಳೆದು ತೆಗೆಯುವಂತಿರಲಿ. ಒಬ್ಬ ವೆಲ್ಡರ್ ಅರ್ಧ ದಿನದಲ್ಲಿ ಮಾಡುವ ಕೆಲಸ.

ಮೆಟ್ಟಿಲು ಇನ್ನೊಂದು. ನಿಮ್ಮ ಮೂರು, ನಾಲ್ಕು ಅಂತಸ್ತಿನ ಕಟ್ಟಡಗಳಲ್ಲಿ ಇರುವುದು ಒಂದೇ ಮೆಟ್ಟಿಲು. ಅದರ ಕೆಳಗೆ ಕರೆಂಟಿನ ಮೀಟರ್ ಬೋರ್ಡು, ಪಕ್ಕದಲ್ಲಿ ಚಾರ್ಜಿಗೆ ಹಚ್ಚಿದ ಸ್ಕೂಟರು, ಮೇಲೆ ಪ್ರತಿ ತಿರುವಿನಲ್ಲಿ ಬಟ್ಟೆಯ ಗಂಟು. ಸಿಕಂದರಾಬಾದಿನಲ್ಲಿ 2022ರ ಸೆಪ್ಟೆಂಬರ್ 12ರಂದು ಎಲೆಕ್ಟ್ರಿಕ್ ಸ್ಕೂಟರ್ ಶೋರೂಮಿನಲ್ಲಿ ಹುಟ್ಟಿದ ಹೊಗೆ ಮೇಲಿನ ಲಾಡ್ಜಿಗೆ ಏರಿ 8 ಜನ ಸತ್ತರು. ಹೊಗೆಗೆ ಮೆಟ್ಟಿಲೇ ಚಿಮಣಿ. ಎರಡನೇ ಮೆಟ್ಟಿಲು ಕಟ್ಟಿ ಎಂದರೆ 20 ಅಡಿ ಅಗಲದ ನಿವೇಶನದಲ್ಲಿ ಜಾಗವೆಲ್ಲಿ ಎಂದು ಮಾಲೀಕರು ಕೇಳುತ್ತಾರೆ, ಆ ಪ್ರಶ್ನೆ ನ್ಯಾಯವೇ.

ಇಲ್ಲಿ ನಿಮ್ಮ ಪೇಟೆಯೇ ನಿಮಗೆ ದಾರಿ ಕೊಡುತ್ತದೆ. ಹಳೆ ಪೇಟೆಯಲ್ಲಿ ಬೆಳೆದ ಮಕ್ಕಳಿಗೆಲ್ಲ ಗೊತ್ತು, ಮಾಳಿಗೆಯಿಂದ ಮಾಳಿಗೆಗೆ ದಾಟುತ್ತ ಓಣಿಯ ಈ ತುದಿಯಿಂದ ಆ ತುದಿಗೆ ಹೋಗಬಹುದು. ಗಾಳಿಪಟ ಹಿಡಿಯಲು, ಶಾವಿಗೆ ಒಣಗಿಸಲು ಬಳಸಿದ ದಾರಿ ಅದು. ಬೆಂಕಿಯನ್ನು ತಡೆಯುವ ಗೋಡೆ ದಾಟಿ ಪಕ್ಕದ ಕಟ್ಟಡಕ್ಕೆ ಅದೇ ಮಟ್ಟದಲ್ಲಿ ಹೋಗುವುದನ್ನು ಸಂಹಿತೆಯೂ ಒಪ್ಪುತ್ತದೆ, ಅದನ್ನು 'ಹಾರಿಜಾಂಟಲ್ ಎಕ್ಸಿಟ್' ಎನ್ನುತ್ತಾರೆ. ಎರಡನೇ ಮೆಟ್ಟಿಲಿಗೆ ಜಾಗವಿಲ್ಲದ ಕಟ್ಟಡದ ತಾರಸಿಯಿಂದ ಪಕ್ಕದ ತಾರಸಿಗೆ ಒಂದು ಗೇಟು, ಅದಕ್ಕೆ ಬೀಗದ ಬದಲು ಎಳೆದರೆ ಗಂಟೆ ಬಾರಿಸುವ ಚಿಲಕ, ನೆರೆಯವರ ನಡುವೆ ನೋಂದಾಯಿಸಿದ ಒಪ್ಪಂದ, ಪಕ್ಕದ ಕಟ್ಟಡದ ಮೆಟ್ಟಿಲು ಖಾಲಿ ಇರಬೇಕೆಂಬ ಷರತ್ತು. ತಾರಸಿಯ ಬಾಗಿಲಿಗೂ ಬೀಗ ಇರಕೂಡದು. ಇದಕ್ಕೆ ಖರ್ಚು ಬಹಳ ಕಡಿಮೆ, ಆದರೆ ನೆರೆಯವರನ್ನು ಕೂರಿಸಿ ಒಪ್ಪಿಸಬೇಕು. ಆ ಕೆಲಸ ಎಂಜಿನಿಯರ್‌ಗಿಂತ ನಿಮಗೇ ಚೆನ್ನಾಗಿ ಬರುತ್ತದೆ. ನನ್ನ ಇಡೀ ಉತ್ತರದಲ್ಲಿ ಒಂದನ್ನೇ ಮಾಡಲು ಸಾಧ್ಯವೆಂದರೆ ಇದನ್ನು ಮಾಡಿ.

ಎತ್ತರದ ಗೆರೆಯ ಬಗ್ಗೆ ನಿಮ್ಮ ಸಭೆಯಲ್ಲಿ ಜಗಳ ಆಗಿಯೇ ಆಗುತ್ತದೆ. ಸಂಹಿತೆ 15 ಮೀಟರಿನಿಂದ 'ಎತ್ತರದ ಕಟ್ಟಡ' ಎನ್ನುತ್ತದೆ. ನಮ್ಮ ರಾಜ್ಯದಲ್ಲಿ ಅಗ್ನಿಶಾಮಕ ಇಲಾಖೆಯ ಎನ್‌ಒಸಿಗೆ (ನಿರಾಕ್ಷೇಪಣಾ ಪತ್ರಕ್ಕೆ) ಆ ಗೆರೆ 21 ಮೀಟರಿಗೆ ಸರಿದಿದೆ. ಬೆಂಗಳೂರಿನಲ್ಲಿ 90 ಮೀಟರ್ ಎತ್ತರಕ್ಕೆ ಹೋಗುವ ಏಣಿ ವಾಹನ ಇದೆ. ನಿಮ್ಮ ಠಾಣೆಯಲ್ಲಿರುವುದು ಕೈಯಿಂದ ಎತ್ತುವ, ಹತ್ತು ಮೀಟರ್ ಚಿಲ್ಲರೆಯ ಅಲ್ಯೂಮಿನಿಯಂ ಏಣಿಯಾದರೆ, ಅದು ಮೂರನೇ ಅಂತಸ್ತಿನ ಮೇಲೆ ನಿಲುಕುವುದಿಲ್ಲ. 2019ರ ಮೇ 24ರಂದು ಸೂರತ್‌ನ ತಕ್ಷಶಿಲಾ ಕಟ್ಟಡದ ಮೇಲಂತಸ್ತಿನ ಕೋಚಿಂಗ್ ತರಗತಿಯಲ್ಲಿ 22 ವಿದ್ಯಾರ್ಥಿಗಳು ಸತ್ತರು, ಹಲವರು ಕಿಟಕಿಯಿಂದ ಹಾರಿದರು. ಅದೇನೂ ಮುಗಿಲೆತ್ತರದ ಕಟ್ಟಡ ಆಗಿರಲಿಲ್ಲ, ನಿಮ್ಮ ಪೇಟೆಯಲ್ಲಿ ಏಳುತ್ತಿರುವಂಥದ್ದೇ. ಆದ್ದರಿಂದ ನಿಮ್ಮ ಗೆರೆ ನಿಮ್ಮ ಏಣಿಯ ಉದ್ದಕ್ಕೆ ಕಟ್ಟಿಕೊಂಡಿರಲಿ. ರಾಜ್ಯದ ಎನ್‌ಒಸಿ ಬೇಕಾಗದ ಕಟ್ಟಡಗಳಿಗೂ ಪಾಲಿಕೆಯೇ ಕಟ್ಟಡ ಪರವಾನಗಿಯಲ್ಲಿ ಷರತ್ತು ಹಾಕಬಹುದು. ಕೋಚಿಂಗ್ ತರಗತಿ, ಲಾಡ್ಜು, ನರ್ಸಿಂಗ್ ಹೋಮ್, ಕೂಲಿಕಾರರ ವಸತಿ, ಇವುಗಳಿಗೆ ಎತ್ತರ ನೋಡಲೇಬೇಡಿ.

ಹಬ್ಬದ ಪೆಂಡಾಲು, ದೀಪಾವಳಿ ಪಟಾಕಿ ಮಳಿಗೆ, ಜಾತ್ರೆಯ ಸರ್ಕಸ್ಸು ಬೇರೆಯೇ ಅಧ್ಯಾಯ. ತಾತ್ಕಾಲಿಕ ಪೆಂಡಾಲುಗಳಿಗೆ ಐಎಸ್ 8758 ಎಂಬ ಪ್ರತ್ಯೇಕ ಮಾನಕವೇ ಇದೆ, ಅದನ್ನು ಬೈಲಾದಲ್ಲಿ ಹೆಸರಿಸಿದರೆ ಸಾಕು. 1981ರ ಫೆಬ್ರುವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ ಡೇರೆಗೆ ಬೆಂಕಿ ಬಿದ್ದು 92 ಜನ ಸತ್ತರು, ಅವರಲ್ಲಿ ಹೆಚ್ಚಿನವರು ಮಕ್ಕಳು. ಆ ದಿನವನ್ನು ಕಂಡ ತಲೆಮಾರು ಇನ್ನೂ ನಮ್ಮ ನಡುವೆ ಇದೆ. 'ತಾತ್ಕಾಲಿಕ' ಎಂಬ ಮಾತು ಕೇಳಿದ ಕೂಡಲೇ ವಿನಾಯಿತಿ ಕೊಡಬೇಡಿ.

ಇನ್ನು ಮುಟ್ಟಬಾರದ್ದು. ಒಂದು, ಹೊರಹೋಗುವ ಬಾಗಿಲು ಒಳಗಿನಿಂದ ಕೀಲಿಕೈ ಇಲ್ಲದೆ ತೆರೆಯಬೇಕು. ಇದಕ್ಕೆ ಊರು, ಹವೆ, ಪರಂಪರೆ ಯಾವ ಕಾರಣವೂ ಇಲ್ಲ. ಎರಡು, ಮಹಡಿಯಿಂದ ಮಹಡಿಗೆ ಹೋಗುವ ಡಕ್ಟು, ಕೇಬಲ್ ದಾರಿ, ಪೈಪಿನ ಕಿಂಡಿಗಳನ್ನು ಪ್ರತಿ ಮಹಡಿಯಲ್ಲಿ ಬೆಂಕಿ ತಡೆಯುವ ವಸ್ತುವಿನಿಂದ ಮುಚ್ಚಲೇಬೇಕು. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್ಟನ್ ಟವರ್ಸ್‌ನಲ್ಲಿ ವಿದ್ಯುತ್ ಡಕ್ಟಿನ ಹೊಗೆ ಮೇಲಿನ ಮಹಡಿಗಳನ್ನು ತುಂಬಿತು. ಉಸಿರು ಕಟ್ಟಿದವರು ಕಿಟಕಿ ಒಡೆದು ಹಾರಿದರು, 9 ಜನ ಸತ್ತರು. ಸತ್ತವರ ಮನೆಯವರು, ಗೆಳೆಯರು 'ಬಿಯಾಂಡ್ ಕಾರ್ಲ್ಟನ್' ಎಂಬ ಸಂಘಟನೆ ಕಟ್ಟಿ ಅಂದಿನಿಂದ ಈ ವಿಷಯದ ಬೆನ್ನು ಬಿದ್ದಿದ್ದಾರೆ. ಅಲ್ಲಿ ಜನರನ್ನು ಕೊಂದದ್ದು ಹೊಗೆ. ಹೊಗೆಗೆ ಹತ್ತಡಿ ಓಣಿಯೂ ಒಂದೇ, ನೂರಡಿ ರಸ್ತೆಯೂ ಒಂದೇ.

ಮೂರನೆಯದು ಕಪ್ಲಿಂಗ್, ಅಂದರೆ ಹೋಸನ್ನು ಹೈಡ್ರೆಂಟಿಗೆ ಕೂಡಿಸುವ ಜೋಡಣೆಯ ಬಾಯಿ. 1904ರ ಫೆಬ್ರುವರಿಯಲ್ಲಿ ಅಮೆರಿಕದ ಬಾಲ್ಟಿಮೋರ್ ನಗರ ಉರಿಯುವಾಗ ವಾಷಿಂಗ್ಟನ್, ಫಿಲಡೆಲ್ಫಿಯಾ, ನ್ಯೂಯಾರ್ಕಿನಿಂದ ದಳಗಳು ಧಾವಿಸಿ ಬಂದವು. ಅವರ ಹೋಸ್‌ಗಳು ಬಾಲ್ಟಿಮೋರಿನ ಹೈಡ್ರೆಂಟಿಗೆ ಕೂರಲಿಲ್ಲ, ಏಕೆಂದರೆ ಪ್ರತಿ ಊರೂ ತನ್ನದೇ ಅಳತೆ ಇಟ್ಟುಕೊಂಡಿತ್ತು. ಮೇಲೆ ಹೇಳಿದ ಓಕ್‌ಲೆಂಡಿನಲ್ಲೂ 87 ವರ್ಷಗಳ ನಂತರ ಇದೇ ತೊಂದರೆ ಎದುರಾಯಿತು. ಆ ಊರಿನ ಹೈಡ್ರೆಂಟಿನ ಬಾಯಿ ಮೂರು ಇಂಚಿನದು, ನೆರವಿಗೆ ಬಂದವರದು ಎರಡೂವರೆ ಇಂಚಿನದು. ನಮ್ಮಲ್ಲಿ ಐಎಸ್ 903ರ 63 ಮಿಲಿಮೀಟರ್ ಇನ್‌ಸ್ಟಂಟೇನಿಯಸ್ ಕಪ್ಲಿಂಗ್ ರೂಢಿಯಲ್ಲಿದೆ. ನಿಮ್ಮ ಓಣಿಯ ಒಣ ಪೈಪಿಗೆ ಗುತ್ತಿಗೆದಾರ ಅಗ್ಗದ ಬೇರೆ ಬಾಯಿ ಕೂರಿಸಿದರೆ ಒಪ್ಪಬೇಡಿ. ಪಕ್ಕದ ಜಿಲ್ಲೆಯ ಗಾಡಿ ನೆರವಿಗೆ ಬರುವ ರಾತ್ರಿಯಲ್ಲಿ ಅದು ಕೂರಬೇಕು.

ಹಳೆಯ ಕಟ್ಟಡಗಳಿಗೆ ಸಮಯ ಕೊಡಿ, ಆದರೆ ಹಂತ ಹಾಕಿ. ಬೀಗ, ಗ್ರಿಲ್ಲು, ಮೆಟ್ಟಿಲ ಮೇಲಿನ ಗಂಟು, ಇವಕ್ಕೆ ಒಂದು ತಿಂಗಳು ಸಾಕು. ತಾರಸಿಯ ಗೇಟು, ಡಕ್ಟು ಮುಚ್ಚುವುದಕ್ಕೆ ಒಂದು ವರ್ಷ. ಸಂಪು, ಪಂಪು, ಸ್ಪ್ರಿಂಕ್ಲರಿಗೆ ಮೂರು ವರ್ಷ. ಎಲ್ಲವನ್ನೂ ಒಟ್ಟಿಗೆ ಕೇಳಿದರೆ ಯಾವುದೂ ಆಗುವುದಿಲ್ಲ, ಎಲ್ಲರೂ ನ್ಯಾಯಾಲಯಕ್ಕೆ ಹೋಗುತ್ತಾರೆ.

ಬೈಲಾದ ಕರಡು ಬರೆಯುವ ಮೊದಲು ಒಂದು ಕೆಲಸ ಮಾಡಿ. ಠಾಣಾಧಿಕಾರಿ, ನಿಮ್ಮ ಎಂಜಿನಿಯರ್, ವ್ಯಾಪಾರಿ ಸಂಘದ ಇಬ್ಬರು, ಇವರನ್ನು ಕರೆದುಕೊಂಡು ಒಂದು ಸಂಜೆ, ಪೇಟೆ ತುಂಬಿರುವ ಹೊತ್ತಿನಲ್ಲಿ, ಓಣಿಗೆ ಹೋಗಿ. ಪ್ರತಿ ಇಪ್ಪತ್ತು ಹೆಜ್ಜೆಗೆ ಟೇಪು ಹಿಡಿದು ಅಗಲ ಬರೆದುಕೊಳ್ಳಿ. ಓಣಿಯ ಬಾಯಲ್ಲಿ ಗಾಡಿ ನಿಲ್ಲಿಸಿ, ಹೋದ ವರ್ಷ ಸುಟ್ಟ ಗೋದಾಮಿನವರೆಗೆ ಸಿಬ್ಬಂದಿಯಿಂದ ನಿಜವಾಗಿ ಹೋಸ್ ಹಾಕಿಸಿ, ನೀರು ಬರುವವರೆಗೆ ಗಡಿಯಾರ ನೋಡಿ. ಅದೇ ರಾತ್ರಿ ಹನ್ನೊಂದಕ್ಕೆ ಮತ್ತೆ ಹೋಗಿ, ಹೊರಗಿನಿಂದ ಬೀಗ ಬಿದ್ದ ಶಟರುಗಳ ಹಿಂದೆ ಜನ ಇದ್ದಾರೆಯೇ ಎಂದು ತಟ್ಟಿ ಕೇಳಿ. ಆ ಅಗಲಗಳು, ಆ ನಿಮಿಷಗಳು, ಆ ತಲೆಗಳ ಲೆಕ್ಕ ಕೈಯಲ್ಲಿ ಹಿಡಿದುಕೊಂಡು ಸಭೆಗೆ ಹೋಗಿ. ನನಗೂ ಬರೆದು ತಿಳಿಸಿದರೆ ನಿಮ್ಮ ಓಣಿಯ ಪೈಪಿನ ವ್ಯಾಸ ಎಷ್ಟಿರಬೇಕು, ಸಂಪು ಎಷ್ಟು ದೊಡ್ಡದಿರಬೇಕು ಎಂದು ಲೆಕ್ಕ ಹಾಕಿ ಕೊಡುತ್ತೇನೆ.